ಸಾರಸ: ರೈತನ ಹೊಲದ ಹಕ್ಕಿ

ಕಲಬುರಗಿ, ಬೀದರ್, ಯಾದಗಿರಿಯ ರೈತ ಬಂಧುಗಳೇ, ನಮಸ್ಕಾರ. ಎದೆಮಟ್ಟ ಬೆಳೆದ ನಿಮ್ಮ ತೊಗರಿ ಹೊಲವನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದರ ನಡುವೆ ನಿಂತರೂ ತಲೆ, ಕತ್ತು ಮೇಲೆ ಕಾಣುವಂಥ ಹಕ್ಕಿಯೊಂದಿದೆ. ಅದೇ ಸಾರಸ ಕೊಕ್ಕರೆ. 5 ಅಡಿ ಎತ್ತರ, ಕೆಲವು 6 ಅಡಿಯನ್ನೂ ಮುಟ್ಟುತ್ತವೆ. ಹಾರುವ ಹಕ್ಕಿಗಳಲ್ಲಿ ಇದಕ್ಕಿಂತ ಎತ್ತರದ್ದು ಜಗತ್ತಿನಲ್ಲೇ ಇಲ್ಲ. ಮೈ ಬೂದಿ ಬಣ್ಣ. ತಲೆ, ಕತ್ತಿನ ಮೇಲ್ಭಾಗ ಕೆಂಪು.

ಸಾರಸ ಹೆಚ್ಚಾಗಿರುವುದು ಉತ್ತರ ಪ್ರದೇಶದಲ್ಲಿ. ಅಲ್ಲಿನ ರಾಜ್ಯ ಪಕ್ಷಿ ಅದು. ಹಾಗಾದರೆ ನಮಗ್ಯಾಕೆ ಅಂತೀರಾ? ಯಾಕೆಂದರೆ ಇದು ಕಾಡಿನ ಹಕ್ಕಿಯಲ್ಲ, ರೈತನ ಹೊಲದ ಹಕ್ಕಿ. ಈ ಒಂದು ಮಾತು ನೆನಪಿಟ್ಟುಕೊಂಡರೆ ಸಾಕು.

ಒಂದು ಮಳೆಗಾಲ ಉತ್ತರ ಪ್ರದೇಶದ ಮೈನ್‌ಪುರಿ ಕಡೆ ಹೋಗಿದ್ದೆ. ಭತ್ತದ ಗದ್ದೆಯ ನೀರಿನ ನಡುವೆ ಹುಲ್ಲಿನ ದೊಡ್ಡ ಗುಡ್ಡೆ. ಅದೇ ಗೂಡು. ಒಂದು ಹಕ್ಕಿ ಕಾವಿಗೆ ಕೂತಿತ್ತು, ಇನ್ನೊಂದು ಕಾವಲಿಗಿತ್ತು. ಗಂಡು, ಹೆಣ್ಣು ಎರಡೂ ಸರದಿ ಮೇಲೆ ಕಾವು ಕೊಡುತ್ತವೆ. ಸುಮಾರು ಒಂದು ತಿಂಗಳು! ನಾನು ಆಸೆಯಿಂದ ನಾಲ್ಕು ಹೆಜ್ಜೆ ಮುಂದೆ ಇಟ್ಟೆ. ಗದ್ದೆಯ ಯಜಮಾನರು ತೋಳು ಹಿಡಿದು ನಿಲ್ಲಿಸಿದರು. ಗೂಡಿನ ಸುತ್ತ ಸಸಿಗಳೇ ಇರಲಿಲ್ಲ, ಹಕ್ಕಿಗಳು ಕಿತ್ತು ಗೂಡಿಗೆ ಹಾಕಿಕೊಂಡಿದ್ದವು. "ನಷ್ಟ ಅಲ್ವಾ?" ಎಂದೆ. "ಒಂದೆರಡು ಸೇರು ಭತ್ತ ಹೋಗುತ್ತದೆ. ನಮ್ಮಪ್ಪನ ಕಾಲದಿಂದಲೂ ಈ ಗದ್ದೆಗೆ ಜೋಡಿ ಬರುತ್ತದೆ. ಬೇಡ ಅನ್ನಲಿಕ್ಕಾಗುತ್ತಾ?" ಎಂದರು. ಅಷ್ಟರಲ್ಲಿ ಎರಡೂ ಹಕ್ಕಿ ಕೊಕ್ಕು ಮೇಲೆತ್ತಿ, ದನಿಗೆ ದನಿ ಸೇರಿಸಿ ಕೂಗಿದವು. ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ನೋಡಿ, ಆ ಗೂಡು ಉಳಿದದ್ದು ಬೇಲಿಯಿಂದಲ್ಲ, ಕಾವಲುಗಾರನಿಂದಲ್ಲ. ಒಬ್ಬ ರೈತನಿಂದ.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡುತ್ತೇನೆ. ತಗ್ಗಿನ ಜೌಗು ನೆಲ ಮುಚ್ಚಿದರೆ ಸಾರಸಕ್ಕೆ ಗೂಡಿಲ್ಲ. ಬೆಳೆಗೆ ಹೊಡೆಯುವ ಔಷಧಿ ಅದಕ್ಕೆ ವಿಷ. ಕರೆಂಟ್ ತಂತಿಗೆ ಬಡಿದೂ ಸಾಯುತ್ತವೆ.

ಇನ್ನು ನಮ್ಮ ಬೀದರ್ ವಿಷಯ. ಚಳಿಗಾಲದಲ್ಲಿ ಕಾರಂಜಾ ಹಿನ್ನೀರಿಗೆ ಇದರ ತಮ್ಮ ಬರುತ್ತಾನೆ, ಕರ್ಕರ ಕೊಕ್ಕರೆ. ಸಾರಸದ ಅರ್ಧದಷ್ಟು ಎತ್ತರ. ಕಪ್ಪು ಕತ್ತು, ಕಣ್ಣಿನ ಹಿಂದೆ ಬಿಳಿ ಗರಿಯ ಜುಟ್ಟು. ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯಿಂದ ಬರುವ ಜಾತಿ ಇದು. ಇದೂ ಕಾಳು ಹೆಕ್ಕಲು ಹೊಲಕ್ಕೇ ಇಳಿಯುತ್ತದೆ. ದಯವಿಟ್ಟು ಫೋಟೋಕ್ಕೋಸ್ಕರ ಬೈಕ್ ನುಗ್ಗಿಸಿ ಹಿಂಡನ್ನು ಎಬ್ಬಿಸಬೇಡಿ. ಅದು ಬಹಳ ತಪ್ಪು. ಬೆಳಗ್ಗೆ ಬೇಗ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಬದುವಿನ ಮೇಲೆ, ದೂರದಲ್ಲೇ ನಿಂತು ನೋಡಿ. ನಮಸ್ಕಾರ.