ರೋಟರಿ ಕ್ಲಬ್ಬಿನ ಐದು ಬಗೆಯ ಸೇವೆ: ಕೊಡಗಿನಿಂದ ಒಂದು ವಿವರಣೆ

(ದೃಶ್ಯ: ಮಡಿಕೇರಿಯ ಬೆಟ್ಟಸಾಲು, ಮಳೆ)

ನಮಸ್ಕಾರ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು, ಜನ ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರಗಳನ್ನು ಸೇರಿದಾಗ, ಅಕ್ಕಿ, ಕಂಬಳಿ ಹೊತ್ತು ತಂದವರಲ್ಲಿ ಸೇವಾ ಕ್ಲಬ್ಬುಗಳ ಸದಸ್ಯರೂ ಇದ್ದರು. ಸೇವೆ ಎಂದರೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಆ ಚಿತ್ರವೇ. ಅದು ಸಮುದಾಯ ಸೇವೆ. ಇಂಥ ಕ್ಲಬ್ಬುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ರೋಟರಿ ತನ್ನ ಸದಸ್ಯರಿಗೆ ಹಾಕಿಕೊಟ್ಟಿರುವ ಐದು ಸೇವಾಮಾರ್ಗಗಳಲ್ಲಿ ಅದು ಒಂದು ಮಾತ್ರ.

ಸಭೆ, ಲೆಕ್ಕಪತ್ರ, ಹೊಸ ಸದಸ್ಯರ ಸೇರ್ಪಡೆಯಂಥ ಒಳಗಿನ ಕೆಲಸವೆಲ್ಲ ಕ್ಲಬ್ ಸೇವೆ.

(ದೃಶ್ಯ: ಕಾಫಿ ಕಣ, ತೂಕದ ಯಂತ್ರ)

ಜನರ ಕಣ್ಣಿಗೆ ಅತಿ ಕಡಿಮೆ ಬೀಳುವುದು ವೃತ್ತಿ ಸೇವೆ, ಅಂದರೆ ತನ್ನ ವೃತ್ತಿಯನ್ನು ಪ್ರಾಮಾಣಿಕವಾಗಿ ನಡೆಸುವುದು, ಅದರ ಕೌಶಲದಿಂದ ಇತರರಿಗೆ ನೆರವಾಗುವುದು. ನನ್ನ ಮಟ್ಟಿಗೆ ಸಂಸ್ಥೆಯ ಬೇರು ಇರುವುದೇ ಇಲ್ಲಿ. 1905ರ ಫೆಬ್ರವರಿ 23ರಂದು ಷಿಕಾಗೊದಲ್ಲಿ ವಕೀಲ ಪಾಲ್ ಹ್ಯಾರಿಸ್ ಇನ್ನೂ ಮೂವರೊಂದಿಗೆ ಸೇರಿ ಆರಂಭಿಸಿದ ಕೂಟದಲ್ಲಿ ಬೇರೆ ಬೇರೆ ವೃತ್ತಿಯವರಿದ್ದರು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು ಬಂತು. ಬೆಳೆಗಾರ ತಂದ ಚೆರಿ ಕಾಫಿಯ (ಸಿಪ್ಪೆಸಹಿತ ಒಣಗಿಸಿದ ಹಣ್ಣು) ತೇವಾಂಶವನ್ನು ಆತನ ಕಣ್ಣೆದುರೇ ಅಳೆದು, ಅದರಿಂದ ಎಷ್ಟು ಬೀಜ ಸಿಗುತ್ತದೆಂಬ ಔಟ್‌ಟರ್ನ್ ಲೆಕ್ಕವನ್ನು ಮುಚ್ಚಿಡದೆ ತಿಳಿಸುವ ವ್ಯಾಪಾರಿಯು ಸದಸ್ಯನಾಗಿದ್ದರೆ, ಬ್ಯಾನರ್ ಕಟ್ಟದೆಯೂ ಆತ ಈ ಸೇವೆಯನ್ನು ಸಲ್ಲಿಸುತ್ತಿದ್ದಾನೆ. ಹಾಗೆಯೇ, ಮನೆಯೊಂದಿಗೆ ಪಹಣಿ, ಆಧಾರ್, ಅಂಕಪಟ್ಟಿಗಳನ್ನೂ ಮಣ್ಣಿನಡಿ ಕಳೆದುಕೊಂಡ ಕುಟುಂಬಕ್ಕೆ ವಕೀಲರೊಬ್ಬರು ಶುಲ್ಕ ಪಡೆಯದೆ ಅರ್ಜಿ ಬರೆದುಕೊಟ್ಟರೆ, ಆ ಒಂದು ಹಾಳೆ ಎಷ್ಟೋ ದಿನಗಳ ಅಲೆದಾಟವನ್ನು ತಪ್ಪಿಸುತ್ತದೆ. ಹಣ ಕೊಟ್ಟು ಮುಗಿಸುವ ಸೇವೆಗಿಂತ ಇದು ಕಷ್ಟದ್ದು, ಏಕೆಂದರೆ ಇದು ಪ್ರತಿದಿನದ ನಡತೆಯನ್ನು ಕೇಳುತ್ತದೆ.

ಯುವಜನ ಸೇವೆಯಲ್ಲಿ 12ರಿಂದ 18 ವರ್ಷದವರಿಗೆ ಇಂಟರಾಕ್ಟ್, ಅದಕ್ಕೆ ಮೇಲ್ಪಟ್ಟವರಿಗೆ ರೋಟರಾಕ್ಟ್ ಕ್ಲಬ್ಬುಗಳಿವೆ.

(ದೃಶ್ಯ: ತೋಟದ ಕಾರ್ಮಿಕರು ವಾಸಿಸುವ ಲೈನ್‌ಮನೆಗಳ ಸಾಲು)

ಅಂತರರಾಷ್ಟ್ರೀಯ ಸೇವೆ ಎಂದರೆ ವಿದೇಶ ಪ್ರವಾಸವೆಂದು ಭಾವಿಸುವವರಿದ್ದಾರೆ. ಅದರ ಅತಿದೊಡ್ಡ ಕೆಲಸ ನಮ್ಮ ತೋಟಗಳ ಲೈನ್‌ಮನೆಯ ಬಾಗಿಲಿಗೇ ಬಂದಿದೆ. ಜಗತ್ತಿನಿಂದ ಪೋಲಿಯೊವನ್ನು ತೊಲಗಿಸಲು ರೋಟರಿ 1985ರಲ್ಲಿ ಪಣತೊಟ್ಟಿತು; ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ಜೊತೆಗೂಡಿ ದುಡಿಯಿತು. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಪತ್ತೆಯಾಯಿತು. 2014ರ ಮಾರ್ಚ್ 27ರಂದು ದೇಶವು ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಆದರೂ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ವೈರಾಣು ಉಳಿದಿರುವುದರಿಂದ ಪಲ್ಸ್ ಪೋಲಿಯೊ ಭಾನುವಾರ ಇನ್ನೂ ನಿಂತಿಲ್ಲ. ಮಂಜುಗಡ್ಡೆ ತುಂಬಿದ ಲಸಿಕೆ ಪೆಟ್ಟಿಗೆ ಹಿಡಿದ ಕಾರ್ಯಕರ್ತೆ ಮಗುವಿನ ಬಾಯಿಗೆ ಎರಡು ಹನಿ ಹಾಕಿ, ಎಡಗೈ ಕಿರುಬೆರಳಿಗೆ ಶಾಯಿಯ ಗುರುತಿಟ್ಟು, ಮುಂದಿನ ಮನೆಗೆ ಹೋಗುತ್ತಾಳೆ.