ಸೆಕೆಂಡ್ ಹ್ಯಾಂಡ್ ಟ್ಯೂಬ್ ಪ್ರೀಆಂಪ್: ಟ್ಯೂಬ್ ಆಮೇಲೆ ನೋಡಿ

[ದೃಶ್ಯ: ಕತ್ತಲೆ ಕೋಣೆ. ಕೆಂಪಗೆ ಹೊಳೆಯುವ ನಾಲ್ಕು ಗಾಜಿನ ವ್ಯಾಕ್ಯೂಮ್ ಟ್ಯೂಬ್‌ಗಳು.]

ಇದನ್ನು ನೋಡಿದರೆ ಸಾಕು, ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಅಲ್ವಾ? ನನ್ನ ಕೈಯೂ ಹಾಗೇ ಹೋಗಿತ್ತು. ಆ ಹಳೇ ಟ್ಯೂಬ್ ಪ್ರೀಆಂಪನ್ನು (ಪ್ಲೇಯರಿನ ಸಿಗ್ನಲ್ ಪಡೆದು, ವಾಲ್ಯೂಮ್ ಹೊಂದಿಸಿ ಮುಂದೆ ಕಳಿಸುವ ಪೆಟ್ಟಿಗೆ) ಮನೆಗೆ ತಂದು, ಸ್ಪೀಕರ್ ನುಡಿಸುವ ಟ್ರಾನ್ಸಿಸ್ಟರ್ ಪವರ್ ಆಂಪ್‌ಗೆ ಜೋಡಿಸಿದೆ. ಹಾಡುವವರ ದನಿ ಸೊಗಸಾಗಿತ್ತು. ಡ್ರಮ್ಮಿನ ಹೊಡೆತಕ್ಕೆ ಮಾತ್ರ ತೂಕವೇ ಇರಲಿಲ್ಲ. ಟ್ಯೂಬ್ ಬದಲಿಸಿದೆ. ಮತ್ತೊಮ್ಮೆ ಬದಲಿಸಿದೆ. ತಪ್ಪು ಟ್ಯೂಬಿನದಲ್ಲ ಎಂದು ಹೊಳೆಯುವಷ್ಟರಲ್ಲಿ ಎರಡು ಜೊತೆ ಹೊಸ ಟ್ಯೂಬ್ ಕೊಂಡಾಗಿತ್ತು.

[ದೃಶ್ಯ: ಪ್ರೀಆಂಪಿನ ಹಿಂಭಾಗ, ಔಟ್‌ಪುಟ್ ಸಾಕೆಟ್]

ತಪ್ಪು ಇಲ್ಲಿತ್ತು. ಹೆಚ್ಚಿನ ಟ್ಯೂಬ್ ಪ್ರೀಆಂಪ್‌ಗಳ ಔಟ್‌ಪುಟ್‌ನಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಒಳಗಿನ ಡಿಸಿ ವೋಲ್ಟೇಜನ್ನು ತಡೆದು ಸಂಗೀತವನ್ನಷ್ಟೇ ಹೊರಗೆ ಬಿಡುವುದು ಅದರ ಕೆಲಸ. ಬೇಸ್ ಎಲ್ಲಿಂದ ಸೊರಗಬೇಕು ಎಂಬುದು ಈ ಕೆಪಾಸಿಟರ್ ಮತ್ತು ಪವರ್ ಆಂಪಿನ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಅದು ಒಡ್ಡುವ ತಡೆ, ಓಮ್‌ಗಳಲ್ಲಿ) ಮೇಲೆ ನಿಂತಿದೆ. ಕೆಪಾಸಿಟರ್ 0.22 ಮೈಕ್ರೋಫ್ಯಾರಡ್, ಪವರ್ ಆಂಪ್ 10 ಸಾವಿರ ಓಮ್ ಅಂದುಕೊಳ್ಳಿ. ಸುಮಾರು 72 ಹರ್ಟ್ಸ್‌ಗೇ 3 ಡೆಸಿಬಲ್ ಕಡಿಮೆ! ಅದೇ ಪ್ರೀಆಂಪನ್ನು 100 ಸಾವಿರ ಓಮಿನ ಆಂಪ್‌ಗೆ ಜೋಡಿಸಿದರೆ ಈ ಅಂಕಿ 7 ಹರ್ಟ್ಸ್‌ಗೆ ಇಳಿಯುತ್ತದೆ. ನಮ್ಮ ಕಿವಿಗೆ ಏನೂ ಕಳೆದುಹೋಗುವುದಿಲ್ಲ.

1960ರ ದಶಕದ ಡೈನಾಕೊ ಪಿಎಎಸ್-3 ನೋಡಿ. ಅದರ ಜೊತೆಗಾರ ಸ್ಟೀರಿಯೊ 70 ಪವರ್ ಆಂಪ್, ಅದೂ ಟ್ಯೂಬಿನದೇ. ಇನ್‌ಪುಟ್ 470 ಸಾವಿರ ಓಮ್. ಅಂಥ ಸುಖದ ಸಂಸಾರದಿಂದ ಎಬ್ಬಿಸಿ ತಂದು 10 ಸಾವಿರದ ಆಂಪ್‌ಗೆ ಕಟ್ಟಿದರೆ ಪಾಪ, ಅದೇನು ಮಾಡೀತು? ಪವರ್ ಆಂಪಿನ ಇನ್‌ಪುಟ್ ಇಂಪೀಡೆನ್ಸ್ ಪ್ರೀಆಂಪಿನ ಔಟ್‌ಪುಟ್ ಇಂಪೀಡೆನ್ಸ್‌ಗಿಂತ ಕಡೇಪಕ್ಷ ಹತ್ತು ಪಟ್ಟು ಇರಲಿ. ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದು.

ಇನ್ನು ಗೇನ್, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಲೆಕ್ಕ. ಸಿಡಿ ಪ್ಲೇಯರ್ ಸುಮಾರು 2 ವೋಲ್ಟ್ ಕೊಡುತ್ತದೆ. ಅಷ್ಟರಲ್ಲೇ ಎಷ್ಟೋ ಪವರ್ ಆಂಪ್‌ಗಳು ಪೂರ್ತಿ ಶಕ್ತಿಗೆ ಬಂದುಬಿಡುತ್ತವೆ. ಅದರ ಮೇಲೆ ಹತ್ತು ಪಟ್ಟು ಹೆಚ್ಚಿಸುವ ಪ್ರೀಆಂಪ್ ಯಾಕೆ? ವಾಲ್ಯೂಮ್ ನಾಬ್ ಸ್ವಲ್ಪ ತಿರುಗಿಸುವಷ್ಟರಲ್ಲೇ ಮನೆ ನಡುಗುತ್ತದೆ. ನಾಬಿನ ಆ ಕೆಳತುದಿಯಲ್ಲೇ ಎಡ, ಬಲ ಚಾನೆಲ್‌ಗಳ ದನಿ ಹೆಚ್ಚುಕಡಿಮೆಯಾಗುವುದು.

[ದೃಶ್ಯ: ಮೇಲ್ಭಾಗ ಉಬ್ಬಿದ ಕೆಪಾಸಿಟರ್]

ಹಳೇ ಪೆಟ್ಟಿಗೆಯಲ್ಲಿ ಮೊದಲು ಮುದಿಯಾಗುವುದು ಪವರ್ ಸಪ್ಲೈನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು. ಗುಂಯ್ ಅನ್ನುವ ಹಮ್ ಕೇಳಿದರೆ ನನ್ನ ಮೊದಲ ಅನುಮಾನ ಅವುಗಳ ಮೇಲೇ. ನಾಬ್ ತಿರುಗಿಸಿದಾಗ ಗರಗರ ಬಂದರೆ ಬರೀ ಧೂಳಿರಬಹುದು. ಕ್ಲೀನ್ ಮಾಡಿದ ಮೇಲೂ ಹೋಗದಿದ್ದರೆ ಯಾವುದೋ ಕೆಪಾಸಿಟರ್ ಡಿಸಿ ಸೋರುತ್ತಿರಬಹುದು. ಸುಮ್ನೆ ಕುತೂಹಲಕ್ಕೆ ಮುಚ್ಚಳ ಬಿಚ್ಚಬೇಡಿ. ಒಳಗೆ 250-300 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ಟ್ಯೂಬ್ ಬಗ್ಗೆ ಎರಡೇ ಮಾತು. ಗಾಜಿನ ಒಳಗಿನ ಬೆಳ್ಳಿ ಬಣ್ಣದ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ನುಗ್ಗಿದೆ, ಅದು ಸತ್ತ ಟ್ಯೂಬ್. ಮತ್ತೆ, 12ಎಎಕ್ಸ್7 ಎಂಬ ಟ್ಯೂಬ್ ಇದ್ದ ಜಾಗದಲ್ಲಿ 12ಎಯು7 ಎಂಬ ಟ್ಯೂಬ್ ಕೂರುತ್ತದೆ ಎಂದು ಕೂರಿಸಿಬಿಡಬೇಡಿ. ಪಿನ್‌ಗಳು ಒಂದೇ, ಆದರೆ ಮೊದಲನೆಯದರ ವರ್ಧನೆ ಸುಮಾರು 100, ಎರಡನೆಯದರದು 20ರ ಆಸುಪಾಸು.

[ದೃಶ್ಯ: ಪೆನ್ಸಿಲ್ ಹಿಡಿದ ಕೈ]

ನೋಡಲು ಹೋದಾಗ ಹಿಂದಿನ ಫಲಕದಲ್ಲಿ ಎಷ್ಟು ವೋಲ್ಟಿನದು ಎಂದು ಓದಿಕೊಳ್ಳಿ. 117 ವೋಲ್ಟಿನ ಪೆಟ್ಟಿಗೆಯನ್ನು 230ಕ್ಕೆ ಚುಚ್ಚಿದರೆ ಕಥೆ ಅಲ್ಲಿಗೇ ಮುಗಿಯಿತು. ಪ್ರೀಆಂಪ್ ಆನ್ ಮಾಡಿಸಿ, ಬಿಸಿಯಾಗಲಿ, ಆಮೇಲೆ ಪವರ್ ಆಂಪ್ ಹಾಕಿಸಿ. ಟ್ಯೂಬ್‌ಗಳು ಹೊರಗೆ ಕಾಣುವಂತಿದ್ದರೆ ಪೆನ್ಸಿಲ್‌ನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಗಂಟೆಯಂತೆ ಮೊಳಗಿದರೆ ಆ ಟ್ಯೂಬ್ ಬದಲಿಸಬೇಕು, ಅದು ಸುಲಭದ ಕೆಲಸ. ಅರ್ಧ ಗಂಟೆ ಕೂತು ಕೇಳಿ. ಬಿಸಿಯಾದ ಮೇಲಷ್ಟೇ ಚಟಪಟ ಅನ್ನುವ ಪೆಟ್ಟಿಗೆಗಳೂ ಇವೆ. ಅಷ್ಟು ಹೊತ್ತು ಕೂರಲು ಮಾರುವವರು ಬಿಡದಿದ್ದರೆ, ನಾನಂತೂ ಚಪ್ಪಲಿ ಹಾಕಿಕೊಂಡು ಹೊರಟುಬಿಡುತ್ತೇನೆ.