ಇಲಿ ಪಾಷಾಣ ಮಾತ್ರೆ ಆದದ್ದು ಹೇಗೆ?

ನಮಸ್ಕಾರ. ಹೋದ ವಿಡಿಯೋ ನೋಡಿ ಒಬ್ಬರು ಕೇಳಿದ್ದರು: "ಅಪ್ಪನಿಗೆ ಹೃದಯದ ವಾಲ್ವ್ ಆಪರೇಷನ್ ಆಗಿದೆ, ವಾರ್ಫರಿನ್ ಕೊಟ್ಟಿದ್ದಾರೆ. ನೆಟ್‌ನಲ್ಲಿ ನೋಡಿದರೆ ಅದು ಇಲಿ ಪಾಷಾಣ ಅಂತಿದೆ. ನಿಜವಾ ಸರ್?"

ನಿಜ. ಆದರೆ ಇದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಗಾಬರಿಯಾಗಿ ನಿಲ್ಲಿಸಬೇಡಿ, ಮೊದಲು ಕಥೆ ಕೇಳಿ.

[ಪರದೆ: ಹಿಮ ಬೀಳುವ ರಸ್ತೆ, ಹಳೇ ಟ್ರಕ್]

1933ರ ಫೆಬ್ರವರಿ, ಅಮೆರಿಕದ ವಿಸ್ಕಾನ್ಸಿನ್. ಹೊರಗೆ ಹಿಮಗಾಳಿ. ಒಬ್ಬ ರೈತ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಮ್ಯಾಡಿಸನ್‌ಗೆ ಬಂದ. ಹಿಂದೆ ಏನಿತ್ತು ಗೊತ್ತಾ? ಒಂದು ಸತ್ತ ಕಡಸು, ಕೆಟ್ಟುಹೋದ ಸ್ವೀಟ್ ಕ್ಲೋವರ್ ಮೇವು, ಜೊತೆಗೊಂದು ಹಾಲಿನ ಕ್ಯಾನು. ಕ್ಯಾನಿನಲ್ಲಿ ಹಾಲಿರಲಿಲ್ಲ, ರಕ್ತ ಇತ್ತು. ಅಷ್ಟು ದೂರ ಕುಲುಕಾಡಿಕೊಂಡು ಬಂದರೂ ನೀರಿನ ಹಾಗೆ ಇತ್ತು, ಹೆಪ್ಪೇ ಕಟ್ಟಿರಲಿಲ್ಲ!

ಅವತ್ತು ಶನಿವಾರ. ಪಶುವೈದ್ಯರ ಕಚೇರಿಗೆ ಬೀಗ. ಸಿಕ್ಕಿದವರು ಜೀವರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್. ಆ ಮೇವು ಹಾಕಬೇಡ ಅನ್ನುವುದು ಬಿಟ್ಟರೆ ಅವರ ಹತ್ತಿರವೂ ಜಾಸ್ತಿ ಉತ್ತರ ಇರಲಿಲ್ಲ. ಆದರೆ ಆ ಕ್ಯಾನು ಅವರ ತಲೆಯಿಂದ ಇಳಿಯಲಿಲ್ಲ. 1939ರಲ್ಲಿ ಅವರ ತಂಡ ಮೇವಿನಿಂದ ಡೈಕೌಮರಾಲ್ ಅನ್ನುವ ಹರಳು ಹೊರತೆಗೆಯಿತು. ರಕ್ತ ಹೆಪ್ಪುಗಟ್ಟದಂತೆ ಮಾಡುತ್ತಿದ್ದದ್ದು ಇದೇ. ಅದರ ತಮ್ಮನೇ ವಾರ್ಫರಿನ್. 1948ರಲ್ಲಿ ಮಾರುಕಟ್ಟೆಗೆ ಬಂದಿದ್ದು ಇಲಿ ಕೊಲ್ಲಲಿಕ್ಕೆ.

1951ರಲ್ಲಿ ಅಮೆರಿಕದ ಸೇನೆಗೆ ಸೇರಿದ್ದವನೊಬ್ಬ ಅದನ್ನೇ ತಿಂದು ಸಾಯಲು ಹೋದ. ವಿಟಮಿನ್ ಕೆ ಕೊಟ್ಟರು, ಬದುಕಿದ. ಹಾಗಾದರೆ ಮನುಷ್ಯರಿಗೂ ಕೊಡಬಹುದಲ್ಲ ಅನ್ನುವ ಧೈರ್ಯ ಬಂತು. 1954ರಲ್ಲಿ ಔಷಧಿ ಅಂತ ಒಪ್ಪಿಗೆ ಸಿಕ್ಕಿತು. ಮರುವರ್ಷ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತ ಆದಾಗ ಅವರಿಗೂ ಇದೇ ಮಾತ್ರೆ!

[ಪರದೆ: ಠಸ್ಸೆ, ಇಂಕ್ ಪ್ಯಾಡ್]

ಸರಿ, ಇದು ಕೆಲಸ ಮಾಡೋದು ಹೇಗೆ? ರಕ್ತ ತೆಳುವಾಗುತ್ತೆ ಅನ್ನೋದು ಸುಮ್ನೆ ಮಾತು. ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನ್‌ಗಳನ್ನು ಲಿವರ್ ತಯಾರಿಸುತ್ತದೆ. ಠಸ್ಸೆ ಬಿದ್ದರೆ ಮಾತ್ರ ಅವು ಕೆಲಸಕ್ಕೆ ಬರುತ್ತವೆ. ಆ ಠಸ್ಸೆಯೇ ವಿಟಮಿನ್ ಕೆ. ಒಂದು ಸಲ ಒತ್ತಿದರೆ ಇಂಕು ಖಾಲಿ, ಮತ್ತೆ ಪ್ಯಾಡಿಗೆ ಅದ್ದಬೇಕು. ಆ ಪ್ಯಾಡ್ ಒಂದು ಎಂಜೈಮ್. ವಾರ್ಫರಿನ್ ಹೋಗಿ ಪ್ಯಾಡಿನ ಮುಚ್ಚಳ ಹಾಕಿಬಿಡುತ್ತದೆ!

ಆದರೆ ಮೊದಲೇ ಠಸ್ಸೆ ಬಿದ್ದವು ರಕ್ತದಲ್ಲಿ ಓಡಾಡುತ್ತಲೇ ಇರುತ್ತವೆ, ಅಲ್ವಾ? ಆ ಪ್ರೋಟೀನ್‌ಗಳಲ್ಲಿ ಫ್ಯಾಕ್ಟರ್ 7 ಅನ್ನುವುದು ಸುಮಾರು ಆರು ಗಂಟೆಯಲ್ಲಿ ಅರ್ಧ ಆಗುತ್ತದೆ. ಫ್ಯಾಕ್ಟರ್ 2ಕ್ಕೆ ಎರಡೂವರೆ ದಿನವಾದರೂ ಬೇಕು. ಅದಕ್ಕೇ ಪೂರ್ತಿ ಪರಿಣಾಮಕ್ಕೆ ಐದಾರು ದಿನ ಕಾಯಬೇಕು.

ಟೈಮ್ ಆಯಿತು, ಉಳಿದಿದ್ದು ಬೇಗ ಬೇಗ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ. ಹೆಚ್ಚಿನವರಿಗೆ ಅದು 2ರಿಂದ 3ರೊಳಗೆ ಇರಬೇಕು, ಕೆಲವು ವಾಲ್ವ್‌ಗಳಿಗೆ ಇನ್ನೂ ಸ್ವಲ್ಪ ಮೇಲೆ. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ ಅಂತ ಅದನ್ನು ಬಿಡಬೇಕಿಲ್ಲ, ಆದರೆ ಒಂದು ವಾರ ರಾಶಿ, ಇನ್ನೊಂದು ವಾರ ಸೊನ್ನೆ ಅಂತ ಮಾಡಬೇಡಿ. ನೋವಿನ ಮಾತ್ರೆ, ಆಂಟಿಬಯೋಟಿಕ್ ಡಾಕ್ಟರನ್ನು ಕೇಳದೆ ಬೇಡ. ಪದೇಪದೇ ಈ ಪರೀಕ್ಷೆ ಬೇಡದ ಹೊಸ ಮಾತ್ರೆಗಳೂ ಬಂದಿವೆ, ನಿಜ. ಆದರೆ ಮೆಕ್ಯಾನಿಕಲ್ ವಾಲ್ವ್, ಅಂದರೆ ಯಂತ್ರದಂಥ ಕೃತಕ ವಾಲ್ವ್, ಇರುವವರಿಗೆ ಅವನ್ನು ಕೊಡುವುದಿಲ್ಲ. ನಿಮ್ಮ ಅಪ್ಪನದೂ ಅದೇ ಆಗಿದ್ದರೆ ಸರ್, ಅವರಿಗೆ ಇಲಿ ಮಾತ್ರೆಯೇ ಗಟ್ಟಿ.